ಬಂಗಾರದ ಕೆಳಗಿನ ಸರೇಸು

ಹೋದ ಮಂಗಳವಾರ ಬೆಳಿಗ್ಗೆ ನಮ್ಮ ಯಜಮಾನರು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು, ಮೂಗಿಗೆ ಟವೆಲ್ ಒತ್ತಿಕೊಂಡು ಕೂಗಿದರು. "ಏನs ಅದು ನಾತಾ? ಕೆಳಗ ಹೆಗ್ಗಣ ಏನರ ಸತ್ತದೇನು?"

ನಾನು ಕರೆಂಟಿನ ಒಲೆಯ ಮುಂದೆಯೇ ನಿಂತಿದ್ದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಸಣ್ಣ ಪಾತ್ರೆ ಇಟ್ಟು ಸರೇಸು ಕರಗಿಸುತ್ತಿದ್ದೆ. ಸರೇಸು ಎಂದರೆ ಬಡಗಿಗಳು ಮರಕ್ಕೆ ಹಚ್ಚುವ ಹಳೆಯ ಕಾಲದ ಅಂಟು. ನನಗೆ ಯಾವ ನಾತವೂ ಬರುತ್ತಿರಲಿಲ್ಲ. ಕೋವಿಡ್ ಬಂದು ಹೋದ ಮೇಲೆ ನನ್ನ ಮೂಗು ಹೆಸರಿಗೆ ಮಾತ್ರ ಮುಖದ ಮೇಲಿದೆ. ಒಗ್ಗರಣೆ ಸೀದರೂ ಹೊಗೆ ಕಂಡ ಮೇಲೇ ನನಗೆ ತಿಳಿಯುವುದು. ಆದರೆ ಅವರು 'ನಾತಾ' ಎಂದ ಕೂಡಲೇ ಆ ವಾಸನೆ ಎಂಥದ್ದೆಂದು ಚೆನ್ನಾಗಿ ನೆನಪಾಯಿತು. ಅದರ ಬೆನ್ನಿಗೇ ಅಂಕಲ್ ನೆನಪಾದರು... ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

ಅವರನ್ನು ನಾನು ಮೊದಲು ಮಾತಾಡಿಸಿದ್ದು ನ್ಯೂಯಾರ್ಕಿನ ಹತ್ತಿರ ಎಡಿಸನ್ನಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ, ಅದೂ ಜಗಳ ತೆಗೆದುಕೊಂಡು. ಯಜಮಾನರ ಬಿಳಿ ಅಂಗಿಗಳನ್ನು ಮಷಿನ್ನಿನಿಂದ ತೆಗೆದರೆ ಕಾಲರಿನ ಮೇಲೆ, ತೋಳಿನ ಮೇಲೆ ಹಳದಿ ಚೂರುಗಳು ಮಿಂಚುತ್ತಿದ್ದವು. ನನಗಿಂತ ಮೊದಲು ಆ ಮಷಿನ್ನಿಗೆ ಬಟ್ಟೆ ಹಾಕಿದ್ದವರು ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಅರವತ್ತೈದು ದಾಟಿದ, ಒಣಕಲು ಮೈಯ ಮನುಷ್ಯ. ಬಲಗಿವಿಯ ಹಿಂದೆ ಅದೇ ಹಳದಿ ಮಿಂಚು. ನಮ್ಮ ಕೆಳಗಿನ ಮನೆಯವರೆಂದು ಗೊತ್ತಿತ್ತು, ಕನ್ನಡ ಬಲ್ಲವರೆಂದು ಗೊತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಶುರು ಮಾಡಿ, ಸಿಟ್ಟು ಏರಿದಂತೆ ನನಗೇ ಗೊತ್ತಿಲ್ಲದೆ ಧಾರವಾಡದ ಮಾತಿಗೆ ಇಳಿದೆ.

ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು. "ಅದು ಬಂಗಾರ ಮಾರಾಯ್ತಿ, ಅಸಲು ಬಂಗಾರ. ಅಂಗಿಗೆ ಬಂಗಾರ ಅಂಟಿತು ಅಂತ ಬೈಯುವವರನ್ನು ನಾನು ಇವತ್ತೇ ನೋಡಿದ್ದು."

ಅವರು ಮಂಗಳೂರಿನ ಕಡೆಯ ಕ್ರೈಸ್ತರು. ಅಪ್ಪ, ಅಜ್ಜ ಇಬ್ಬರೂ ಇಗರ್ಜಿಗಳ ಬಲಿಪೀಠಕ್ಕೆ ಮರ ಕೆತ್ತಿ ಅದಕ್ಕೆ ಚಿನ್ನದ ರೇಕು, ಅಂದರೆ ಉಸಿರಿಗೂ ಹಾರುವಷ್ಟು ತೆಳುವಾದ ಹಾಳೆ, ಹಚ್ಚುತ್ತಿದ್ದವರು. ಇವರು ಮುಂಬಯಿ, ದುಬೈ ಸುತ್ತಿ ನ್ಯೂಯಾರ್ಕಿಗೆ ಬಂದು, ಕ್ವೀನ್ಸಿನ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದಿದ್ದರು. ಮ್ಯಾನ್‌ಹಟನ್ನಿನ ದೊಡ್ಡ ಮನೆಗಳವರಿಗೆ ತಮ್ಮ ಊಟದ ಕೋಣೆ ಯುರೋಪಿನ ಹಳೆಯ ಅರಮನೆಯ ಹಾಗೆ ಕಾಣಬೇಕೆಂಬ ಆಸೆ. ಗೋಡೆಯ ಮೇಲೆಲ್ಲ ಬಳ್ಳಿ, ಚಿಪ್ಪು, ಹಣ್ಣಿನ ಗೊಂಚಲು, ಕೆನ್ನೆ ಉಬ್ಬಿದ ದೇವದೂತರು. ಒಂದು ಅಂಗೈಯಷ್ಟು ಜಾಗವನ್ನೂ ಸುಮ್ಮನೆ ಬಿಡದ ಬರೋಕ್ ಅಲಂಕಾರ. ಅಂಕಲ್ ಮತ್ತು ಅವರ ಜೊತೆಯವರು ಸರ್ವಿಸ್ ಲಿಫ್ಟಿನಲ್ಲಿ ಹತ್ತಿ, ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ ತಿಂಗಳುಗಟ್ಟಲೆ ಛಾವಣಿಗೆ ರೇಕು ಹಚ್ಚಿ, ಅದೇ ಲಿಫ್ಟಿನಲ್ಲಿ ಇಳಿದು ಬರುತ್ತಿದ್ದರು. ಆಮೇಲೆ ಆ ಮನೆಯ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ. "ನಾನು ಮಾಡಿದ ಒಂದು ಕೋಣೆಯಲ್ಲೂ ನಾನು ಕುರ್ಚಿ ಎಳೆದು ಕೂತದ್ದಿಲ್ಲ ಗೊತ್ತುಂಟಾ," ಎಂದು ಒಮ್ಮೆ ಹೇಳಿದರು. ದೂರು ಹೇಳುವ ದನಿ ಅದಾಗಿರಲಿಲ್ಲ, ಆದರೂ ನನಗೆ ಚುಚ್ಚಿತು.

ಆಗ ನಾನು ಎಚ್-ಫೋರ್ ವೀಸಾದಲ್ಲಿದ್ದೆ, ಕೆಲಸಕ್ಕೆ ಬಂದವರ ಹೆಂಡತಿಗೆ ಕೊಡುವ ವೀಸಾ ಅದು. ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಯಜಮಾನರು ಬೆಳಿಗ್ಗೆ ಏಳಕ್ಕೆ ಪಾರ್ಸಿಪನಿಯ ಆಫೀಸಿಗೆ ಕಾರು ಬಿಟ್ಟರೆ ಬರುವುದು ಸಂಜೆ ಏಳಕ್ಕೆ. ಆ ಹನ್ನೆರಡು ಗಂಟೆ ನಾನು ಮನೆ ಒರೆಸಿದ್ದನ್ನೇ ಒರೆಸುತ್ತಿದ್ದೆ. ಅಂಕಲ್ ಆ ವರ್ಷವಷ್ಟೇ ವರ್ಕ್‌ಶಾಪ್ ಬಿಟ್ಟು, ಅರ್ಧ ಗಂಟೆ ದೂರದ ಒಂದು ಹಳೆಯ ಚರ್ಚಿನಲ್ಲಿ ಸಣ್ಣದೊಂದು ಕೆಲಸ ಹಿಡಿದಿದ್ದರು. ಹೆಂಡತಿ ತೀರಿಕೊಂಡಿದ್ದರು. ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಹೈವೇ ಮೇಲೆ ಡ್ರೈವ್ ಮಾಡಲು ಧೈರ್ಯವಿರಲಿಲ್ಲ. "ನಿಮಗೆ ಡ್ರೈವಿಂಗ್ ಬರ್ತದಲ್ಲ?" ಎಂದು ಕೇಳಿದರು. ಹೀಗೆ ಅವರ ಹಳೆಯ ಕಾರಿನ ಡ್ರೈವರ್ ಆಗಿ ನಾನು ಆ ಚರ್ಚಿನೊಳಗೆ ಕಾಲಿಟ್ಟೆ. ಸಂಬಳವಿಲ್ಲದ ವಾಲಂಟಿಯರ್ ಆದ್ದರಿಂದ ವೀಸಾದ ತಕರಾರೂ ಇರಲಿಲ್ಲ.

ಅದು ಇಟಲಿಯಿಂದ ಬಂದ ಕೂಲಿಕಾರರು, ಕಲ್ಲುಕುಟಿಗರು ತಮಗಾಗಿ ಕಟ್ಟಿಕೊಂಡ ಚರ್ಚು. ಹೊರಗಿನಿಂದ ನೋಡಿದರೆ ಇಟ್ಟಿಗೆಯ ಗೋದಾಮು. ಒಳಗೆ ಹೋದರೆ ಬಲಿಪೀಠದ ಎರಡು ಕಡೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಮೇಲೇರುವ ಮರದ ಕಂಬಗಳು, ಅವುಗಳ ಸುತ್ತ ದ್ರಾಕ್ಷಿ ಬಳ್ಳಿ, ಬಳ್ಳಿಯ ತುಂಬ ಬಂಗಾರ. ದಿನವಿಡೀ ಬೇರೆಯವರ ಗೋಡೆ ಕಟ್ಟಿ ಬಂದು, ಸಂಜೆ ಇದನ್ನು ಕೆತ್ತಿದರಂತೆ. ಅವರ ಹೆಸರು ಎಲ್ಲೂ ಬರೆದಿಲ್ಲ. ನಾನು ಮೊದಲ ದಿನ ಕತ್ತು ನೋಯುವವರೆಗೆ ನೋಡಿದೆ. ಇಷ್ಟೊಂದು ಯಾಕೆ ಬೇಕಿತ್ತು ಎಂದು ಅನ್ನಿಸಿದ್ದೂ ನಿಜ.

ಛಾವಣಿ ಸೋರಿ ಬಲಗಡೆಯ ಕಂಬ ಹಾಳಾಗಿತ್ತು. ಬಂಗಾರ ಎದ್ದು, ಕೆಳಗಿನ ಬಿಳಿ ಲೇಪ ಉದುರಿ, ಕೆಲವು ಎಲೆಗಳು ಬರೀ ಮರವಾಗಿದ್ದವು. ಚರ್ಚಿನ ಸಮಿತಿಯವರಲ್ಲಿ ಎರಡು ಮಾತಿತ್ತು. ಕೆಲವರು, ಎರಡೂ ಕಂಬ ಕೆರೆದು ಬಂಗಾರದ ಬಣ್ಣ ಸ್ಪ್ರೇ ಮಾಡಿಸೋಣ, ಮುರಿದ ಎಲೆಗಳಿಗೆ ಅಚ್ಚಿನಲ್ಲಿ ಹೊಯ್ದ ಫೋಮ್ ಎಲೆ ಅಂಟಿಸೋಣ, ಒಂದು ವಾರದಲ್ಲಿ ಮುಗಿಯುತ್ತದೆ ಎನ್ನುತ್ತಿದ್ದರು. ಸಮಿತಿಯ ಮುಖ್ಯಸ್ಥೆ, ಎಂಬತ್ತರ ಹತ್ತಿರದ ಬಿಳಿಕೂದಲ ಹೆಂಗಸು, ಕಂಬ ಕೆತ್ತಿದವರಲ್ಲೊಬ್ಬರ ಮೊಮ್ಮಗಳು. ಆಕೆ ಅಂಕಲ್‌ಗೆ ಒಂದು ಅವಕಾಶ ಕೊಡಿಸಿದ್ದರು. ಕಂಬದ ನೆತ್ತಿಯ ಒಂದು ಸುತ್ತು ಬಳ್ಳಿಯನ್ನು ಹಳೆಯ ಪದ್ಧತಿಯಲ್ಲಿ ಸರಿ ಮಾಡಿ ತೋರಿಸಬೇಕು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಸಮಿತಿ ನೋಡುತ್ತದೆ. ಒಪ್ಪಿದರೆ ಇಡೀ ಬಲಿಪೀಠ ಅವರ ಕೈಗೆ, ಇಲ್ಲದಿದ್ದರೆ ಸ್ಪ್ರೇ.

"ಇದು ಸಿಕ್ಕಿದರೆ ಪ್ರತಿ ಭಾನುವಾರ ನಾನು ಮಾಡಿದ್ದರ ಎದುರು ಕೂತುಕೊಳ್ಬಹುದು ಅಲ್ವಾ," ಎಂದರು ಅಂಕಲ್, ಕಾರಿನಲ್ಲಿ. ಅವರಿಗೆ ಬೇಕಾದದ್ದು ಅಷ್ಟೇ ಆಗಿತ್ತು.

ಬಂಗಾರ ಹಚ್ಚುವುದು ಎಂದರೆ ಬಂಗಾರ ಹಚ್ಚುವುದೇ ಎಂದುಕೊಂಡಿದ್ದ ನನಗೆ ಬುದ್ಧಿ ಬಂದದ್ದು ಅಲ್ಲೇ. ಬಂಗಾರದ ಸರದಿ ಬರುವುದು ಕಟ್ಟಕಡೆಗೆ. ಮೊದಲು ಮರಕ್ಕೆ ಬರೀ ಸರೇಸು. ಆಮೇಲೆ ಸರೇಸಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿದ ಬಿಳಿ ಲೇಪ, ಒಂದು ಒಣಗಿದ ಮೇಲೆ ಇನ್ನೊಂದು, ಹೀಗೆ ಎಂಟು ಸಲ. ಲೇಪ ತುಂಬಿಕೊಂಡು ಎಲೆಯ ನರಗಳು ಮುಚ್ಚಿಹೋಗುತ್ತವೆ, ಆಗ ಸಣ್ಣ ಕೊಕ್ಕೆಯಂಥ ಉಳಿ ಹಿಡಿದು ಒಂದೊಂದೇ ನರವನ್ನು ಮತ್ತೆ ಬಿಡಿಸಬೇಕು. ಉಜ್ಜಿ ನುಣುಪು ಮಾಡಬೇಕು. ಅದರ ಮೇಲೆ ಕೆಂಪು ಜೇಡಿಯ ಲೇಪ. ಎಲ್ಲ ಆದ ಮೇಲೆ ನೀರು ಸವರಿ, ಉಸಿರು ಬಿಗಿಹಿಡಿದು, ರೇಕು ಇಡುವುದು. ರೇಕನ್ನು ಬೆರಳಲ್ಲಿ ಮುಟ್ಟಿದರೆ ಅದು ಇಲ್ಲವೇ ಆಗಿಬಿಡುತ್ತದೆ. ಇದನ್ನು ಒಂದು ಮರದ ತುಂಡಿನ ಮೇಲೆ ಮಾಡಿ ತೋರಿಸುವಾಗ, ಅಗಲವಾದ ಕೂದಲ ಬ್ರಶ್ಶನ್ನು ಅಂಕಲ್ ತಮ್ಮ ಕೆನ್ನೆಗೆ ಒಮ್ಮೆ ಸವರಿಕೊಳ್ಳುತ್ತಿದ್ದರು. ಚರ್ಮದ ಎಣ್ಣೆಯ ಪಸೆ ತಾಗಿದ ಕೂದಲಿಗೆ ರೇಕು ತಾನಾಗಿ ಎದ್ದು ಬರುತ್ತಿತ್ತು. ನಾನು ಕೆನ್ನೆಗೆ ಕ್ರೀಮ್ ಹಚ್ಚಿಕೊಂಡು ಹೋದ ದಿನ ಅದು ಬ್ರಶ್ಶು ಬಿಟ್ಟು ಕೆಳಗಿಳಿಯಲೇ ಇಲ್ಲ. "ನಾಳೆಯಿಂದ ಸ್ನೋ ಪೌಡರ್ ಎಲ್ಲ ಮನೆಯಲ್ಲಿ," ಎಂದರು.

ಎರಡು ವಾರ ನೋಡಿದ ಮೇಲೆ ಸರೇಸು ಮಾಡುವ ಕೆಲಸ ನನಗೆ ಬಂತು. ಚರ್ಚಿನೊಳಗೆ ಒಲೆ ಹಚ್ಚಲು ಅನುಮತಿಯಿರಲಿಲ್ಲ. ಹಿಂದಿನ ದಿನವೇ ಸರೇಸಿನ ಹರಳು ನೆನೆಹಾಕಿ, ಬೆಳಿಗ್ಗೆ ಕುದಿಯದ ಹಾಗೆ ಬೆಚ್ಚಗೆ ಕರಗಿಸಿ, ಫ್ಲಾಸ್ಕಿನಲ್ಲಿ ತರಬೇಕು. ಅಂಕಲ್ ಒಂದು ತಗಡಿನ ಡಬ್ಬಿ ಕೊಟ್ಟರು. ಮನೆಗೆ ತಂದು ಮುಚ್ಚಳ ತೆಗೆದು, ಒಳಗಿನ ಚೀಟಿ ಓದಿದೆ. ಮೊಲದ ಚರ್ಮ.

ಸರೇಸು ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದರೂ ಅದು ಯಾವುದರಿಂದ ಆಗುತ್ತದೆಂದು ನಾನು ಯೋಚಿಸಿರಲೇ ಇಲ್ಲ. ನಮ್ಮದು ಉಳ್ಳಾಗಡ್ಡಿಯನ್ನೇ ಹಬ್ಬದ ದಿನ ಒಳಗೆ ಬಿಡದ ಮನೆ. ಮೊದಲ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಲ್ಕನಿಯಲ್ಲಿ ಕರಗಿಸಿದೆ. ಯಜಮಾನರು ಊಟದ ತಟ್ಟೆ ಬಿಟ್ಟು ಎದ್ದರು. "ನೀ ಏನರ ಮಾಡು, ಇದು ಮಾತ್ರ ಮನ್ಯಾಗ ಬ್ಯಾಡ," ಎಂದರು. ನನಗೂ ಅದೇ ಬೇಕಿತ್ತು.

ಅಂಕಲ್‌ಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಡಬ್ಬಿ ವಾಪಸು ತೆಗೆದುಕೊಳ್ಳುತ್ತಾರೆ, ನಾನು ಮತ್ತೆ ಬರೀ ಡ್ರೈವರ್ ಆಗುತ್ತೇನೆ. ಜೊತೆಗೆ ನನ್ನೊಳಗಿನ ಲೆಕ್ಚರರ್ ಎಚ್ಚರವಾಗಿದ್ದಳು. ಅಂಟು ಎಂದರೆ ಅಂಟು, ಅದಕ್ಕೆ ಮೊಲವೇ ಯಾಕೆ ಸಾಯಬೇಕು? ಹುಡುಗಿಯಾಗಿದ್ದಾಗ ಎರಡು ಬೇಸಿಗೆ ಮೈಸೂರು ಶೈಲಿಯ ಚಿತ್ರ ಬರೆಯಲು ಕಲಿತಿದ್ದೆ. ಅಲ್ಲಿ ದೇವರ ಕಿರೀಟದ ಬಂಗಾರ ಕೂರುತ್ತಿದ್ದದ್ದು ಮರದ ಗೋಂದಿನ ಮೇಲೆ. ಮುಂದಿನ ಶನಿವಾರ ಜ್ಯಾಕ್ಸನ್ ಹೈಟ್ಸಿಗೆ ಹೋದಾಗ ಸೀರೆ ಅಂಗಡಿಯ ಪಕ್ಕದ ಕಿರಾಣಿಯಲ್ಲಿ ಎರಡು ಪೊಟ್ಟಣ ಗೋಂದು ತಂದೆ. ಅಂಟಿನ ಉಂಡೆಗೆ ಹಾಕುತ್ತೇವಲ್ಲ, ಅದೇ. ಚಳಿಗಾಲ, ಉಂಡೆ ಮಾಡುತ್ತಾಳೆ ಅಂದುಕೊಂಡು ಯಜಮಾನರು ಖುಷಿಪಟ್ಟರು.

ಸೋಮವಾರ ಫ್ಲಾಸ್ಕಿನಲ್ಲಿ ಬಿಸಿ ಗೋಂದಿನ ನೀರು ಒಯ್ದೆ. ಬಣ್ಣ ಸರೇಸಿನಂತೆಯೇ ಇತ್ತು. ಸರೇಸು ತಣಿದರೆ ಹಲ್ವದ ಹಾಗೆ ಗಟ್ಟಿಯಾಗುತ್ತದೆ, ಗೋಂದು ಆಗುವುದಿಲ್ಲ; ಅದಕ್ಕೇ ತಣಿಯಲು ಬಿಡದೆ ಸುಡುಸುಡುವಾಗಿ ಬಟ್ಟಲಿಗೆ ಬಗ್ಗಿಸಿಕೊಟ್ಟೆ. ಅಂಕಲ್ ದಿನವೂ ಮಾಡುವಂತೆ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತೆ. ಉದ್ದಕ್ಕೆ ಉಸಿರು ಎಳೆದುಕೊಂಡು, ತಲೆ ಆಡಿಸಿ, "ಸರಿ ಉಂಟು," ಎಂದರು.

ನಾನು ಗೆದ್ದೆ ಎಂದುಕೊಂಡೆ. ಗೊತ್ತಾದರೂ ಒಪ್ಪಿಕೊಂಡಿದ್ದಾರೆ, ಗೋಂದೂ ನಡೆಯುತ್ತದೆ ಎಂದೇ ತಿಳಿದೆ. ಮೂರು ವಾರ ಹಾಗೇ ನಡೆಯಿತು. ಒಂದೊಂದು ಲೇಪಕ್ಕೂ ಮುಂಚೆ ಅವರು ಬಟ್ಟಲು ಮೂಸುತ್ತಿದ್ದರು, 'ಸರಿ ಉಂಟು' ಎನ್ನುತ್ತಿದ್ದರು. ಒಮ್ಮೆ ಮಾತ್ರ ಬ್ರಶ್ಶು ನಿಲ್ಲಿಸಿ, "ಯಾಕೋ ಜಾರ್ತದೆ. ನನ್ನ ಕೈ ಮೊದಲಿನ ಹಾಗೆ ಇಲ್ಲ," ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ನಾನು ಬಾಯಿ ಬಿಡಲಿಲ್ಲ. ಈ ಒಂದು ಗಳಿಗೆಯನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗರಿಗಳ ಭಾನುವಾರಕ್ಕೆ ಹದಿಮೂರು ದಿನವಿತ್ತು. ವಾರಾಂತ್ಯ ಹೊರಗೆ ಹಿಮ ಬಿದ್ದು, ಚರ್ಚಿನೊಳಗೆ ಎರಡು ದಿನ ಹೀಟರ್ ಬಿಡದೆ ಉರಿದಿತ್ತು. ಸೋಮವಾರ ಬಾಗಿಲು ತೆರೆದು ಹೋದರೆ, ನೆಲಕ್ಕೆ ಹಾಸಿದ್ದ ಬಟ್ಟೆಯ ಮೇಲೆ ಬಿಳಿ ಚೂರುಗಳು. ತಲೆಯೆತ್ತಿ ನೋಡಿದೆ. ಎಂಟು ಸಲ ಬಳಿದು, ಉಳಿ ಹಿಡಿದು ನರ ಬಿಡಿಸಿ, ಕೆಂಪು ಜೇಡಿಗೆ ಸಿದ್ಧವಾಗಿದ್ದ ಇಡೀ ಸುತ್ತು ಬತ್ತಿದ ಕೆರೆಯ ನೆಲದ ಹಾಗೆ ಬಿರಿದಿತ್ತು. ಗೋಂದು ಒಣ ಹವೆಯಲ್ಲಿ ಪೆಡಸಾಗಿ ಒಡೆಯುತ್ತದೆ, ಸರೇಸು ಮರದ ಜೊತೆ ಸ್ವಲ್ಪ ಬಾಗುತ್ತದೆ. ರಸಾಯನಶಾಸ್ತ್ರದವಳಿಗೆ ಇದು ಅವತ್ತು ಹೊಳೆಯಿತು.

ಅಂಕಲ್ ಅಟ್ಟಣಿಗೆ ಹತ್ತಿ ಒಂದು ಚೂರು ಎತ್ತಿಕೊಂಡರು. ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದರು. ಹಾಗೇ ಕೈ ಇಳಿಸಿದರು. ಆಮೇಲೆ ಅದನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

ನಾನು ಎಲ್ಲ ಹೇಳಿದೆ. ಮೊಲ, ಬಾಲ್ಕನಿ, ಜ್ಯಾಕ್ಸನ್ ಹೈಟ್ಸು, ಅಂಟಿನ ಉಂಡೆ... ಹೇಳುತ್ತ ಹೇಳುತ್ತ ಅಳು ಬಂತು. ಬೈಯಲಿ ಎಂದು ಕಾದೆ. ಅವರು ಇಳಿದು ಬಂದು ಮೂರನೆಯ ಸಾಲಿನ ಬೆಂಚಿನ ಮೇಲೆ ಕೂತರು. ಆ ಚೂರನ್ನು ಪಕ್ಕಕ್ಕಿಟ್ಟು ಕೇಳಿದರು.

"ನಾನು ದಿನಾ ಮೂಸಿ ನೋಡ್ತಿದ್ದೆ ಅಲ್ವಾ?"

"ಹೌದ್ರಿ ಅಂಕಲ್."

"ನನಗೆ ವಾಸನೆ ಬರುವುದು ನಿಂತು ಎರಡು ವರ್ಷ ಆಯ್ತು. ಯಾರಿಗೂ ಹೇಳ್ಲಿಲ್ಲ. ವರ್ಕ್‌ಶಾಪ್ ಬಿಟ್ಟದ್ದೂ ಅದಕ್ಕೇ."

ಸರೇಸು ಹೆಚ್ಚು ಕಾದಿದೆಯೋ, ಹಳಸಿದೆಯೋ, ಹದವಾಗಿದೆಯೋ ಅವರ ಮನೆತನದವರು ನೋಡುತ್ತಿದ್ದದ್ದು ಮೂಗಿನಿಂದಲೇ. ಮೂಗು ಹೋಯಿತೆಂದರೆ ಕೆಲಸ ಹೋಯಿತೆಂದು ಹೆದರಿ, ಇದ್ದ ಹಾಗೆ ನಟಿಸುತ್ತ ಬಂದಿದ್ದರು. "ನೀನು ಮೂಗು ಮುಚ್ಚಿಕೊಂಡಿ, ನಾನು ಮೂಗು ಉಂಟು ಅಂತ ತೋರಿಸಿಕೊಂಡೆ. ತಪ್ಪು ಇಬ್ಬರದೂ ಉಂಟು," ಎಂದರು. ಅಲ್ಲಿಯವರೆಗೆ ನನ್ನನ್ನು 'ನೀವು' ಎನ್ನುತ್ತಿದ್ದವರು ಅವತ್ತು 'ನೀನು' ಎಂದರು, ಆಮೇಲೆ ಅದು ಬದಲಾಗಲಿಲ್ಲ.

ಮಧ್ಯಾಹ್ನ ಸಮಿತಿಯ ಹಿರಿಯಾಕೆ ಬಂದರು. ಬಿರಿದ ಕಂಬ ನೋಡಿ ಅವರ ಮುಖ ಸಣ್ಣದಾಯಿತು. ಅಂಕಲ್ ಬಾಯಿ ತೆರೆಯುವ ಮುಂಚೆ ನಾನೇ ಮುಂದೆ ಹೋಗಿ, ತಪ್ಪು ನನ್ನದು, ಅಂಟು ಬದಲಾಯಿಸಿದ್ದು ನಾನು ಎಂದೆ. ಅಂಕಲ್‌ರ ಮೂಗಿನ ವಿಷಯ ಹೇಳಲಿಲ್ಲ. ಅದು ನಾನು ಹೇಳುವ ಮಾತಲ್ಲ. ಅವರೇ ಹೇಳಿದರು. ಆಕೆ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಭಾನುವಾರವನ್ನು ಮುಂದೆ ಹಾಕಲು ತನ್ನಿಂದಾಗದು, ಆದರೆ ಅಲ್ಲಿಯವರೆಗೆ ಕಂಬ ನಿಮ್ಮದೇ ಎಂದು ಹೇಳಿ ಹೋದರು.

ಇಡೀ ಸುತ್ತು ಸಾಧ್ಯವಿರಲಿಲ್ಲ. ಒಂದು ದ್ರಾಕ್ಷಿ ಗೊಂಚಲು, ಮೂರು ಎಲೆ ಮಾಡುವ ಎಂದರು ಅಂಕಲ್. "ನಾಳೆಯಿಂದ ನೀನೇ ನನ್ನ ಮೂಗು. ಆಗ್ತದಾ?"

ಆಗುತ್ತದೆ ಎಂದೆ. ಮನೆಗೆ ಬಂದು ಯಜಮಾನರಿಗೂ ಎಲ್ಲ ಹೇಳಿದೆ. ಬಾಲ್ಕನಿಯ ಚಳಿಯಲ್ಲಿ ಸರೇಸಿನ ಹದ ನಿಲ್ಲುವುದಿಲ್ಲ, ಅಡಿಗೆಮನೆಯ ಒಲೆಯೇ ಬೇಕು ಎಂದೂ ಹೇಳಿದೆ. ಅವರು, "ಎರಡ್ ವಾರ ನಾ ಆಫೀಸ್ನ್ಯಾಗs ಉಣ್ತೀನಿ ತಗೋ," ಎಂದರು. ದೇವರ ಮನೆಯ ಪರದೆ ಮಾತ್ರ ತಾವೇ ಎಳೆದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಟ್ಟ ದೊಡ್ಡ ಉಡುಗೊರೆ ಅದೇ ಎಂದು ಈಗಲೂ ಚೇಷ್ಟೆ ಮಾಡುತ್ತೇನೆ, ಆದರೆ ಅದು ನಿಜವೂ ಹೌದು.

ಮರುದಿನ ಬಟ್ಟಲು ನನ್ನ ಮೂಗಿಗೆ ಬಂತು. "ಯಾವ ವಾಸನೆ ಉಂಟು? ಸರಿಯಾಗಿ ಹೇಳು," ಎಂದರು. ನಾನು ಕಣ್ಣು ಮುಚ್ಚಿ ಎಳೆದುಕೊಂಡೆ.

"ಮಳ್ಯಾಗ ನೆನದ ಚಪ್ಪಲಿ ವಾಸನಿ ಅಂಕಲ್."

"ಸರಿ ಉಂಟು. ಸುಟ್ಟ ಕೂದಲು ಬಂದರೆ ಹೆಚ್ಚು ಕಾದದ್ದು. ಹುಳಿ ಬಂದರೆ ಚೆಲ್ಲಿಬಿಡುವುದು."

ಮೊಲಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಇವತ್ತಿಗೂ ಪ್ರತಿ ಸಲ ಕೇಳುತ್ತೇನೆ. ಅದರಿಂದ ಮೊಲಕ್ಕೇನೂ ಲಾಭವಿಲ್ಲವೆಂದು ಗೊತ್ತಿದೆ. ಆ ಹನ್ನೆರಡು ದಿನ ನಾನು ಕಲಿತಷ್ಟನ್ನು ಯಾವ ಕ್ಲಾಸಿನಲ್ಲೂ ಕಲಿತಿರಲಿಲ್ಲ. ಬಿರಿದದ್ದನ್ನು ಮರದವರೆಗೆ ಕೆರೆದು ತೆಗೆಯುವುದಕ್ಕೇ ಎರಡು ದಿನ ಹಿಡಿಯಿತು, ಮೂರು ವಾರದ ಅವರ ಕೆಲಸವನ್ನು ನನ್ನ ಕೈಯಾರೆ ಕೆರೆದೆ. ಲೇಪಗಳ ನಡುವೆ ಒಣಗಲು ಕಾಯುವಾಗ ಅಂಕಲ್ ನನ್ನನ್ನು ಬೇರೆ ವಾಸನೆಗಳನ್ನೂ ಕೇಳತೊಡಗಿದರು. ಸಾಂಬ್ರಾಣಿ ಇವತ್ತು ಹೇಗುಂಟು? ಹಳೆ ಮರ ಕೆರೆದಾಗ ಏನಾದರೂ ಬಂತಾ? ಫ್ಲಾಸ್ಕಿನ ಕಾಫಿ ಹೇಗುಂಟು, ಕಡುವಾ? ನಾನು ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಎರಡು ವರ್ಷ ಯಾರನ್ನೂ ಕೇಳಲಾಗದೆ ಇಟ್ಟುಕೊಂಡಿದ್ದ ಪ್ರಶ್ನೆಗಳು ಅವು...

ಶನಿವಾರ ಬೆಳಿಗ್ಗೆ ರೇಕು ಇಟ್ಟರು. ಮಧ್ಯಾಹ್ನ ಹಿಡಿಕೆಗೆ ಕೂರಿಸಿದ ನುಣುಪು ಅಗೇಟ್ ಕಲ್ಲಿನಿಂದ ಮೆಲ್ಲಗೆ ತಟ್ಟಿ, ಸದ್ದು ಕೇಳಿ, ಈಗ ಒಣಗಿದೆ ಎಂದು ಉಜ್ಜತೊಡಗಿದರು. ಕೊನೆಯ ಎಲೆ ಉಜ್ಜಲು ಕಲ್ಲನ್ನು ನನ್ನ ಕೈಗೆ ಕೊಟ್ಟರು. ಮಂಕು ಹಳದಿ ನನ್ನ ಕಣ್ಣೆದುರೇ ಬಂಗಾರವಾಯಿತು.

ಗರಿಗಳ ಭಾನುವಾರ ಪೂಜೆ ಮುಗಿದು ಜನ ಗರಿ ಹಿಡಿದು ಹೋದ ಮೇಲೆ ಸಮಿತಿಯವರು ಕಂಬದ ಕೆಳಗೆ ನಿಂತರು. ಸ್ಪ್ರೇ ಪಕ್ಷದವರು ಒಂದು ಫೋಮ್ ಗೊಂಚಲಿಗೆ ಬಣ್ಣ ಹೊಡೆಸಿ ತಂದಿದ್ದರು. ಅದನ್ನು ಅಟ್ಟಣಿಗೆಯ ಮೇಲೆ ನಮ್ಮ ಗೊಂಚಲಿನ ಪಕ್ಕಕ್ಕೆ ಇಟ್ಟರೆ, ನಿಜ ಹೇಳುತ್ತೇನೆ, ಟ್ಯೂಬ್‌ಲೈಟಿನಲ್ಲಿ ಅವರದೇ ಹೆಚ್ಚು ಝಗಝಗ ಎನ್ನುತ್ತಿತ್ತು. ಇಷ್ಟು ಸಣ್ಣದಕ್ಕೆ ಎರಡು ತಿಂಗಳೇ ಎಂದು ಒಬ್ಬರು ಕೇಳಿದರು.

ಅಂಕಲ್ ಒಂದೇ ಮಾತು ಕೇಳಿದರು, ಲೈಟು ಆರಿಸಬಹುದೇ ಎಂದು. ಹಿರಿಯಾಕೆಯೇ ಹೋಗಿ ಒಂದೊಂದೇ ಸ್ವಿಚ್ಚು ಆರಿಸಿದರು. ಹೊರಗೆ ಮೋಡವಿತ್ತು, ಒಳಗೆ ಮಬ್ಬು ಕವಿಯಿತು. ಅಂಕಲ್ ಒಂದು ಮೇಣದಬತ್ತಿ ಹಚ್ಚಿಕೊಂಡು ಅಟ್ಟಣಿಗೆ ಹತ್ತಿ, ಗೊಂಚಲಿನ ಕೆಳಗೆ ಹಿಡಿದು, ಮೆಲ್ಲಗೆ ಆ ಕಡೆಯಿಂದ ಈ ಕಡೆಗೆ ಆಡಿಸಿದರು. ಫೋಮಿನದು ಮಂಕಾಗಿ ನಿಂತುಬಿಟ್ಟಿತು. ನಮ್ಮದು ಬತ್ತಿಯ ಜೊತೆ ನಡೆಯಿತು. ಒಂದು ಹಣ್ಣಿನಿಂದ ಇನ್ನೊಂದು ಹಣ್ಣಿಗೆ ಬೆಳಕು ದಾಟಿತು, ಎಲೆಯ ನರಗಳಲ್ಲಿ ಹರಿಯಿತು. ಇಷ್ಟೊಂದು ತಿರುಚು, ಇಷ್ಟೊಂದು ಕೆತ್ತನೆ ಯಾಕೆಂದು ನನಗೆ ಆಗ ಅರ್ಥವಾಯಿತು. ಕರೆಂಟಿಲ್ಲದ ಕಾಲದಲ್ಲಿ, ಹತ್ತಿಪ್ಪತ್ತು ಮೇಣದಬತ್ತಿಗಳಲ್ಲಿ ಇಡೀ ಕೋಣೆ ಬೆಳಗಬೇಕಿತ್ತು. ಆ ಕೆಲಸವನ್ನು ಈ ಮಡಿಕೆಗಳು, ಈ ಬಂಗಾರ ಮಾಡುತ್ತಿದ್ದವು.

ಹಿರಿಯಾಕೆ ಕಣ್ಣು ಒರೆಸಿಕೊಂಡು, "ಡೂ ದ ರೆಸ್ಟ್," ಎಂದರು. ಕೈ ಎತ್ತಿ ಮತ ಹಾಕಿದ್ದೆಲ್ಲ ಆಮೇಲೆ. ಅಂಕಲ್ ಇಳಿದು ಬಂದು ಮೂರನೆಯ ಸಾಲಿನಲ್ಲಿ ಕೂತರು. ಕುರ್ಚಿಯಲ್ಲ, ಬೆಂಚು, ಆದರೂ ಕೂತರು.

ಆ ಬಲಿಪೀಠಕ್ಕೆ ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ನಮ್ಮಂಥವರಿಗೂ ವರ್ಕ್ ಪರ್ಮಿಟ್ ಸಿಗತೊಡಗಿತು. ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸು ಮಾಡು ಎಂದು ಗೆಳತಿಯರೆಲ್ಲ ಹೇಳಿದರು. ನಾನು ರೇಕಿನ ಕೆಲಸವನ್ನೇ ಹಿಡಿದೆ. ಮಗ್ಗಿ ತಪ್ಪಿದವರನ್ನು ನೋಡುವಂತೆ ನೋಡಿದರು, ನೋಡಲಿ. ಅಂಕಲ್ ಪ್ರತಿ ಭಾನುವಾರ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದರು. ಕೆಲವೊಮ್ಮೆ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ, ಸಾಂಬ್ರಾಣಿ ಹೇಗಿದೆಯೆಂದು ಪಿಸುಗುಟ್ಟುತ್ತಿದ್ದೆ.

ಅವರು ಹೋದದ್ದು ಒಂದು ಅಕ್ಟೋಬರಿನಲ್ಲಿ, ಹತ್ತೇ ದಿನದ ಕಾಯಿಲೆಯಲ್ಲಿ. ಪೆಟ್ಟಿಗೆಯನ್ನು ಬಲಿಪೀಠದ ಎದುರು ಇಟ್ಟಿದ್ದರು. ಸುತ್ತ ಮೇಣದಬತ್ತಿಗಳು. ಜನ ಎದ್ದು ಕೂರುವಾಗ ಗಾಳಿ ಆಡಿ ಬತ್ತಿಗಳು ಅಲುಗಿದರೆ ಎರಡೂ ಕಂಬಗಳ ಮೇಲೆ ಬೆಳಕು ಏರಿಳಿಯುತ್ತಿತ್ತು. ನಾನು ಮೂರನೆಯ ಸಾಲಿನಲ್ಲೇ ಕೂತಿದ್ದೆ, ಪಕ್ಕದ ಜಾಗ ಬಿಟ್ಟು. ಬಿಕ್ಕಿ ಬಿಕ್ಕಿ ಅತ್ತೆ. ಅವರ ಸಂಬಂಧಿಕರು ಯಾರೋ ನನ್ನನ್ನು ಮಗಳೆಂದು ತಿಳಿದು ನೀರು ತಂದುಕೊಟ್ಟರು.

ಆಮೇಲೆ ಕೋವಿಡ್ ಬಂತು, ನನ್ನ ಮೂಗು ಹೋಯಿತು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದೆ. ಅದು ಬರುವುದಿಲ್ಲ ಎಂದು ಗಟ್ಟಿಯಾದ ಮೇಲೆ ಸರೇಸಿನ ಕೆಲಸ ಬಿಟ್ಟು, ಅಂಗಡಿಯಲ್ಲಿ ಸಿಗುವ ಸಿದ್ಧ ಅಂಟಿನಿಂದ ಆಗುವ ಚಿಕ್ಕಪುಟ್ಟ ಚೌಕಟ್ಟುಗಳನ್ನಷ್ಟೇ ಮಾಡುತ್ತಿದ್ದೆ. ಯಾರಾದರೂ ದೊಡ್ಡ ಕೆಲಸ ತಂದರೆ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಕಾರಣ ಹೇಳುತ್ತಿರಲಿಲ್ಲ. ಹೋದ ಸೋಮವಾರ ಆ ಚರ್ಚಿನಿಂದ ಫೋನ್ ಬಂತು. ಎಡಗಡೆಯ ದೇವದೂತನ ರೆಕ್ಕೆಗೆ ಏಣಿ ತಾಗಿ ಲೇಪ ಎದ್ದಿದೆಯಂತೆ. ನನ್ನ ಬಾಯಿಂದ ಪುರುಸೊತ್ತಿಲ್ಲ ಎಂಬ ಮಾತು ಬರಲಿಲ್ಲ. ಬರುತ್ತೇನೆ ಎಂದೆ. ತಗಡಿನ ಡಬ್ಬಿ ತೆಗೆದು, ಹರಳು ನೆನೆಹಾಕಿ, ಕರಗಿಸಿ, ಬಟ್ಟಲನ್ನು ಮೂಗಿಗೆ ಹಿಡಿದು ಉಸಿರು ಎಳೆದೆ. ಏನೂ ಇಲ್ಲ... ಅಂಕಲ್ ಎರಡು ವರ್ಷ ಎಷ್ಟು ಒಂಟಿಯಾಗಿದ್ದಿರಬೇಕೆಂದು ಆಗ ಗೊತ್ತಾಯಿತು.

ಅಷ್ಟು ಹೊತ್ತಿಗೆ ಯಜಮಾನರು ಮೆಟ್ಟಿಲ ಮೇಲೆ ನಿಂತು ಹೆಗ್ಗಣದ ಮಾತು ಕೂಗಿದ್ದು. ಈಗವರು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾರೆ, ಪಾರ್ಸಿಪನಿಗೆ ಓಡಿಹೋಗುವ ಹಾಗಿಲ್ಲ.

"ಸ್ವಲ್ಪ ಕೆಳಗ ಬರ್ರಿ," ಎಂದೆ.

"ನಾ ಯಾಕ?"

"ನನಗ ಮೂಗಿಲ್ಲ. ನಿಮ್ಮ ಮೂಗು ಬೇಕು."

ಅವರು ನನ್ನ ಮುಖ ನೋಡಿದರು. ಚೇಷ್ಟೆಯಲ್ಲ ಎಂದು ಗೊತ್ತಾಗಿರಬೇಕು. ಟವೆಲ್ ಹೆಗಲಿಗೆ ಹಾಕಿಕೊಂಡು ಇಳಿದು ಬಂದರು. ಬಟ್ಟಲು ಮುಂದೆ ಹಿಡಿದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಕಣ್ಣು ಮುಚ್ಚಿ, ಬಗ್ಗಿ, ಉದ್ದಕ್ಕೆ ಉಸಿರು ಎಳೆದುಕೊಂಡರು. ಮುಖವೆಲ್ಲ ಕಿವುಚಿತು.

"ಕೂದಲ ಸುಟ್ಟಂಗ ಏನರ ಬರ್ತದೇನ್ರಿ? ಹುಳಿ?"

"ಇಲ್ಲ, ಹಂಗಲ್ಲ." ಇನ್ನೊಮ್ಮೆ ಮೂಸಿದರು. "ಒದ್ದಿ ಚರ್ಮದ ವಾಸನಿ ಇದು. ಮಳ್ಯಾಗ ಚಪ್ಪಲಿ ನೆನದಿರ್ತಾವಲ್ಲ, ಹಂಗ."

ಹಾಗೆ ಹೇಳು ಎಂದು ನಾನು ಅವರಿಗೆ ಕಲಿಸಿರಲಿಲ್ಲ. ನಾನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಬೆಚ್ಚಗಿತ್ತು. ಮುಂದಿನ ಮಾತು ಹೇಳಬೇಕಾದವರು ಅಲ್ಲಿರಲಿಲ್ಲ. ಸ್ವಲ್ಪ ಕಾದು ನಾನೇ ಹೇಳಿದೆ.

"ಸರಿ ಉಂಟು."